ಮೋಟರ್‌ಹೋಮ್ ಬ್ಯಾಟರಿ ರಾತ್ರಿ ತಡೆಯುತ್ತಿಲ್ಲವೇ? ಹೊಸದು ತರುವ ಮೊದಲು ಇವನ್ನು ನೋಡಿ

ಮೋಟರ್‌ಹೋಮ್ ಅಂದರೆ ಒಳಗೇ ಮನೆ ಇರುವ ಗಾಡಿ. ಅದರಲ್ಲಿ ಎರಡು ಬ್ಯಾಟರಿ ಇರುತ್ತವೆ. ಒಂದು ಎಂಜಿನ್ ಸ್ಟಾರ್ಟ್ ಮಾಡಲು. ಇನ್ನೊಂದು ಹಿಂದಿನ ಮನೆಗೆ: ಲೈಟು, ನೀರಿನ ಪಂಪು, ಹೀಟರಿನ ಫ್ಯಾನು, ಫೋನ್ ಚಾರ್ಜು, ಕೆಲವು ಗಾಡಿಗಳಲ್ಲಿ ಫ್ರಿಜ್ಜು ಕೂಡ. ಈ ಎರಡನೆಯದೇ ಲೀಷರ್ ಬ್ಯಾಟರಿ. ಇದು ಕೈಕೊಟ್ಟಾಗ ಜನ ಮೊದಲು ಮಾಡುವ ಕೆಲಸ ಅಂಗಡಿಗೆ ಹೋಗಿ ಹೊಸದು ತರುವುದು. ಆದರೆ ಎಷ್ಟೋ ಸಲ ತಪ್ಪು ಬ್ಯಾಟರಿಯದ್ದಾಗಿರುವುದಿಲ್ಲ. ಬ್ಯಾಟರಿ ನಿಜಕ್ಕೂ ಹೋಗಿದ್ದರೂ, ಅದನ್ನು ಹಾಳು ಮಾಡಿದ ಕಾರಣ ಗಾಡಿಯಲ್ಲೇ ಕೂತಿರುತ್ತದೆ. ಅದನ್ನು ಹಿಡಿಯದೆ ಹೊಸದು ಹಾಕಿದರೆ ಅದಕ್ಕೂ ಅದೇ ಗತಿ.

ಹೆಚ್ಚಿನ ತಪಾಸಣೆಗೆ ಒಂದು ಸಾದಾ ಡಿಜಿಟಲ್ ಮಲ್ಟಿಮೀಟರ್ ಸಾಕು. ಗೋಡೆಯ ಮೇಲಿನ ಪ್ಯಾನೆಲ್ಲಿನಲ್ಲಿ ಕಾಣುವ ಬ್ಯಾಟರಿ ಚಿತ್ರವನ್ನೋ ನಾಲ್ಕು ಹಸಿರು ದೀಪಗಳನ್ನೋ ನಂಬಿ ಕೂರಬೇಡಿ. ಅವು ಅಂದಾಜು ಮಾತ್ರ.

ಕೈ ಹಾಕುವ ಮೊದಲು

12 ವೋಲ್ಟ್ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ, ನಿಜ. ಅಪಾಯ ಇರುವುದು ಬೇರೆ ಕಡೆ. ಪ್ಲಸ್ ಟರ್ಮಿನಲ್ಲಿಗೂ ಗಾಡಿಯ ಬಾಡಿಗೂ ಒಂದೇ ಸಲ ಸ್ಪ್ಯಾನರ್ ತಾಗಿದರೆ ನೂರಾರು ಆಂಪ್ ಹರಿಯುತ್ತದೆ, ಸ್ಪ್ಯಾನರ್ ಕೆಂಪಗೆ ಕಾದು ಅಲ್ಲೇ ಅಂಟಿಕೊಳ್ಳಬಹುದು. ಉಂಗುರ, ಬಳೆ, ಲೋಹದ ಪಟ್ಟಿಯ ವಾಚು ತೆಗೆದಿಡಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಪ್ಲಸ್ ಮೊದಲು. ಬಿಚ್ಚುವ ಮುಂಚೆ ಹೊರಗಿನ ಕರೆಂಟ್ ವೈರು ತೆಗೆಯಿರಿ. ಸೋಲಾರ್ ಇದ್ದರೆ ಕಂಟ್ರೋಲರಿಗೆ ಬರುವ ಪ್ಯಾನೆಲ್ ವೈರನ್ನೂ ಮೊದಲೇ ಬಿಡಿಸಿ.

ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಅದು ಶೇಕಡಾ 4ರಷ್ಟು ಸೇರಿದರೆ ಒಂದು ಕಿಡಿಗೇ ಸಿಡಿಯುತ್ತದೆ. ಹಾಗಾಗಿ ಕಿಟಕಿ ಬಾಗಿಲು ತೆರೆದಿರಲಿ, ಬೆಂಕಿ ಹತ್ತಿರ ಬೇಡ. ಆಸಿಡ್ ಮೈಗೆ ತಾಗಿದರೆ ಧಾರಾಳ ನೀರಲ್ಲಿ ತೊಳೆಯಿರಿ. ಕಣ್ಣಿಗೆ ಬಿದ್ದರೆ ಕನಿಷ್ಠ 15 ನಿಮಿಷ ತೊಳೆದು ನೇರ ಡಾಕ್ಟರ ಹತ್ತಿರ ಹೋಗಿ.

ಲಕ್ಷಣ: ಒಳಗೆ ಏನೂ ಉರಿಯುತ್ತಿಲ್ಲ

ಒಂದೇ ಏಟಿಗೆ ಎಲ್ಲ ಬಂದ್ ಆಗಿದ್ದರೆ ಬ್ಯಾಟರಿಯ ಮೇಲೆ ಅನುಮಾನ ಆಮೇಲೆ ಪಡೋಣ. ಬ್ಯಾಟರಿ ಸಾಮಾನ್ಯವಾಗಿ ಹೀಗೆ ದಿಢೀರನೆ ಹೋಗುವುದಿಲ್ಲ, ನಿಧಾನವಾಗಿ ಸೋಲುತ್ತಾ ಬರುತ್ತದೆ.

ಮೊದಲು ಪ್ಯಾನೆಲ್ಲಿನ ಮೇನ್ ಸ್ವಿಚ್ ನೋಡಿ. ಗಾಡಿ ಒರೆಸುವಾಗಲೋ ಸಾಮಾನು ತುಂಬುವಾಗಲೋ ಮೊಣಕೈ ತಾಗಿ ಆಫ್ ಆಗಿರುತ್ತದೆ. ಆಮೇಲೆ ಬ್ಯಾಟರಿ ಹತ್ತಿರದ ದೊಡ್ಡ ಫ್ಯೂಸ್. ಕಣ್ಣಿಗೆ ಸರಿಯಾಗಿ ಕಂಡರೂ ಮೀಟರ್ ಇಟ್ಟು ಎರಡೂ ಬದಿ ವೋಲ್ಟೇಜ್ ನೋಡಿ. ಒಂದು ಬದಿ 12.5, ಇನ್ನೊಂದು ಬದಿ ಸೊನ್ನೆ ಅಂದರೆ ಫ್ಯೂಸ್ ಹೋಗಿದೆ. ಅದೇ ಆಂಪ್‌ನ ಹೊಸ ಫ್ಯೂಸ್ ಹಾಕಿ. ತಕ್ಷಣ ಅದೂ ಹೋದರೆ ಎಲ್ಲೋ ಶಾರ್ಟ್ ಇದೆ, ಅಲ್ಲಿಗೆ ನಿಲ್ಲಿಸಿ. ಜಾಸ್ತಿ ಆಂಪ್‌ನ ಫ್ಯೂಸ್ ತುರುಕಿದರೆ ಮುಂದಿನ ಸಲ ಫ್ಯೂಸ್ ಬದಲು ವೈರು ಉರಿಯುತ್ತದೆ. ಶಾರ್ಟ್ ಹುಡುಕುವುದು ಗಾಡಿ ಎಲೆಕ್ಟ್ರಿಶಿಯನ್ ಕೆಲಸ.

ಲಿಥಿಯಂ ಬ್ಯಾಟರಿಯಾದರೆ ಇಲ್ಲಿ ಇನ್ನೊಂದು ವಿಷಯ ಇದೆ. ಮೀಟರಿನಲ್ಲಿ ಪೂರ್ತಿ ಸೊನ್ನೆಯೋ ಎರಡು ಮೂರು ವೋಲ್ಟೋ ತೋರಿಸಿದರೆ ಬ್ಯಾಟರಿ ಸತ್ತಿತು ಅಂತ ಗಾಬರಿ ಬೇಡ. ಒಳಗಿನ ರಕ್ಷಣಾ ಸರ್ಕ್ಯೂಟು, ಅಂದರೆ ಬಿಎಂಎಸ್, ಚಾರ್ಜ್ ತೀರಾ ಇಳಿಯಿತೆಂದೋ ಲೋಡ್ ಮಿತಿ ಮೀರಿತೆಂದೋ ಬಾಗಿಲು ಮುಚ್ಚಿಕೊಂಡಿರುತ್ತದೆ. ಎಲ್ಲ ಲೋಡ್ ತೆಗೆದು ಲಿಥಿಯಂ ಮೋಡ್ ಇರುವ ಚಾರ್ಜರ್ ಹಾಕಿದರೆ ಹೆಚ್ಚಾಗಿ ಎದ್ದು ಕೂರುತ್ತದೆ.

ಲಕ್ಷಣ: ಸಂಜೆ ಫುಲ್, ಬೆಳಗ್ಗೆ ಖಾಲಿ

ದೂರುಗಳಲ್ಲಿ ಹೆಚ್ಚು ಕೇಳಿಬರುವುದು ಇದೇ. ಸ್ವಲ್ಪ ತಾಳ್ಮೆಯಿಂದ ನೋಡಬೇಕು.

ದುಡ್ಡು ಖರ್ಚಿಲ್ಲದ ಮೊದಲ ಹೆಜ್ಜೆ ಟರ್ಮಿನಲ್. ಕೈಯಲ್ಲಿ ಹಿಡಿದು ತಿರುಗಿಸಿ. ಅಲುಗಿದರೆ ಲೂಸು. ಬಿಳಿ ಅಥವಾ ಹಸಿರು ಕಿಲುಬು ಕಟ್ಟಿದ್ದರೆ ವೈರು ಬಿಚ್ಚಿ, ಬಿಸಿನೀರಿಗೆ ಅಡುಗೆ ಸೋಡಾ ಬೆರೆಸಿ ಹಳೆ ಬ್ರಶ್ಶಿನಲ್ಲಿ ಉಜ್ಜಿ, ಒರೆಸಿ, ಒಣಗಿಸಿ ಬಿಗಿ ಮಾಡಿ. ಸೋಡಾ ನೀರು ಬ್ಯಾಟರಿಯ ಮುಚ್ಚಳದೊಳಗೆ ಇಳಿಯಬಾರದು.

ಇದಾದ ಮೇಲೆ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ. ಚಾರ್ಜರ್, ಸೋಲಾರ್, ಒಳಗಿನ ಎಲ್ಲ ಲೋಡ್ ತೆಗೆದು ಒಂದು ರಾತ್ರಿ ಸುಮ್ನೆ ಬಿಡಿ. ಚಾರ್ಜರ್ ತೆಗೆದ ತಕ್ಷಣ ನೋಡಿದರೆ 13ರ ಮೇಲೆ ತೋರಿಸುತ್ತದೆ. ಅದು ಮೇಲ್ಮೈ ಚಾರ್ಜು, ಸುಳ್ಳು ಲೆಕ್ಕ. ಬೆಳಗ್ಗೆ ಟರ್ಮಿನಲ್ಲಿನ ಸೀಸದ ಗೂಟಕ್ಕೇ ಮೀಟರ್ ತಾಗಿಸಿ ಓದಿ.

ಸಾದಾ ಆಸಿಡ್ ಬ್ಯಾಟರಿಗೆ 12.7ರ ಆಸುಪಾಸು ಬಂದರೆ ಫುಲ್. ನೀರು ಹಾಕಬೇಕಿಲ್ಲದ, ಮುಚ್ಚಿದ ಆಸಿಡ್ ಬ್ಯಾಟರಿಗಳಾದ ಎಜಿಎಂ ಮತ್ತು ಜೆಲ್ 12.8 ಅಥವಾ ಸ್ವಲ್ಪ ಮೇಲೆ ನಿಲ್ಲುತ್ತವೆ. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ, 12.0 ಅಂದರೆ ಕಾಲುಭಾಗ. ಪೂರ್ತಿ ಚಾರ್ಜ್ ಮಾಡಿ ರಾತ್ರಿಯಿಡೀ ಬಿಟ್ಟ ಮೇಲೂ 12.4 ದಾಟುತ್ತಿಲ್ಲ ಅಂದರೆ ಚಾರ್ಜ್ ಹಿಡಿಯುತ್ತಿಲ್ಲ ಅಂತ ಅರ್ಥ. 10.5ರ ಹತ್ತಿರ ನಿಂತರೆ ಲೆಕ್ಕ ಇನ್ನೂ ಸುಲಭ: ಆರು ಸೆಲ್, ಒಂದೊಂದಕ್ಕೆ 2.1 ವೋಲ್ಟ್. ಒಂದು ಸೆಲ್ ಶಾರ್ಟ್ ಆಗಿದೆ. ಇದಕ್ಕೆ ಮದ್ದಿಲ್ಲ, ಇದನ್ನು ಚಾರ್ಜರಿಗೆ ಹಾಕಿಡಲೂ ಬೇಡಿ.

ಲಿಥಿಯಂಗೆ ಈ ಲೆಕ್ಕ ಹೊಂದುವುದಿಲ್ಲ. ಅದು ಫುಲ್ ಇದ್ದಾಗ 13.3, 13.4ರ ಹತ್ತಿರ ಇರುತ್ತದೆ. ಅಲ್ಲಿಂದ ಬಹುತೇಕ ಖಾಲಿಯಾಗುವವರೆಗೂ ಹೆಚ್ಚೇನೂ ಇಳಿಯದೆ, ಕೊನೆಯಲ್ಲಿ ಧೊಪ್ಪನೆ ಬೀಳುತ್ತದೆ. ವೋಲ್ಟೇಜ್ ನೋಡಿ ಎಷ್ಟು ಉಳಿದಿದೆ ಅಂತ ಹೇಳಲಾಗದು. ಬಿಎಂಎಸ್ ಆಪ್ ಅಥವಾ ಒಳಹೋದ, ಹೊರಬಂದ ಕರೆಂಟನ್ನು ಎಣಿಸುವ ಶಂಟ್ ಮೀಟರ್ ಬೇಕು.

ವೋಲ್ಟೇಜ್ ಚೆನ್ನಾಗಿದ್ದ ಮಾತ್ರಕ್ಕೆ ಬ್ಯಾಟರಿ ಚೆನ್ನಾಗಿದೆ ಅಂತಲ್ಲ. ಹಳೆಯ ಬ್ಯಾಟರಿ 12.7 ತೋರಿಸುತ್ತಲೇ ಎರಡು ಗಂಟೆಯಲ್ಲಿ ಮಲಗಬಹುದು. ಇಲ್ಲಿ ಒಂದು ಸಣ್ಣ ಪರೀಕ್ಷೆ ಇದೆ, ಐದು ನಿಮಿಷ ಸಾಕು. ಮೀಟರಿನ ಕಡ್ಡಿಗಳನ್ನು ಎರಡು ಗೂಟಕ್ಕೆ ಒತ್ತಿ ಹಿಡಿಯಿರಿ. ಇನ್ನೊಬ್ಬರಿಗೆ ಅಡುಗೆ ಸಿಂಕಿನ ನಲ್ಲಿ ತಿರುಗಿಸಲು ಹೇಳಿ. ಪಂಪು ಗುರ್ ಅನ್ನುತ್ತದೆ, ನಾಲ್ಕೈದು ಆಂಪ್ ಎಳೆಯುತ್ತದೆ. ಆರೋಗ್ಯವಾದ ಬ್ಯಾಟರಿಯಲ್ಲಿ 12.7 ಇದ್ದದ್ದು 12.5ಕ್ಕೋ ಸ್ವಲ್ಪ ಕೆಳಕ್ಕೋ ಇಳಿದು ನಿಲ್ಲುತ್ತದೆ. ಸೋತ ಬ್ಯಾಟರಿಯಲ್ಲಿ ಅದೇ ಅಂಕಿ 11.6, 11.4 ಅಂತ ಜಾರುತ್ತಾ ಹೋಗುತ್ತದೆ, ನಲ್ಲಿ ನಿಲ್ಲಿಸಿದ ಕೂಡಲೇ 12.5ಕ್ಕೆ ಜಿಗಿಯುತ್ತದೆ. ಪಂಪು ಓಡುತ್ತಿರುವಾಗಲೇ ಒಂದು ಕಡ್ಡಿಯನ್ನು ಗೂಟದಿಂದ ತೆಗೆದು ವೈರಿನ ಕ್ಲಾಂಪಿಗೆ ತಾಗಿಸಿ ನೋಡಿ. ಗೂಟದಲ್ಲಿ 12.5 ಇದ್ದು ಕ್ಲಾಂಪಿನಲ್ಲಿ 11.8 ಬಂದರೆ ಬ್ಯಾಟರಿ ಪಾಪ ಸರಿಯಾಗೇ ಇದೆ, ತಪ್ಪು ಆ ಒಂದು ಮಿಲಿಮೀಟರ್ ಕಿಲುಬಿನದು.

ಇಷ್ಟಕ್ಕೂ ಅನುಮಾನ ಉಳಿದರೆ ನಿಜವಾದ ಸಾಮರ್ಥ್ಯ ಅಳೆಯಿರಿ. ಬ್ಯಾಟರಿಯ ಮೇಲೆ 100 ಆಂಪ್-ಅವರ್ ಅಂತ ಬರೆದಿದ್ದರೆ ಹೊಸದರಲ್ಲಿ ಅದು 5 ಆಂಪ್‌ನಂತೆ 20 ಗಂಟೆ ಕೊಡಬೇಕು. ಅಷ್ಟು ಹೊತ್ತು ಹಿಂಡಬೇಡಿ, ಪೂರ್ತಿ ಖಾಲಿ ಮಾಡಿದರೆ ಆಸಿಡ್ ಬ್ಯಾಟರಿಗೆ ಪೆಟ್ಟು. 60 ವ್ಯಾಟ್‌ನ 12 ವೋಲ್ಟ್ ಬಲ್ಬು ಸುಮಾರು 5 ಆಂಪ್ ಎಳೆಯುತ್ತದೆ. ಅದನ್ನು ಹಾಕಿ ಅರ್ಧಕ್ಕೆ ಇಳಿಯಲು ಎಷ್ಟು ಹೊತ್ತು ಬೇಕು ನೋಡಿ. ಉರಿಯುತ್ತಿರುವಾಗ 12.0ರ ಹತ್ತಿರ ಬಂದರೆ ಅರ್ಧ ಅಂತ ಇಟ್ಟುಕೊಳ್ಳಿ. ಒಂಬತ್ತು ಹತ್ತು ಗಂಟೆ ಬಂದರೆ ಚಿಂತೆ ಇಲ್ಲ. ನಾಲ್ಕು ಗಂಟೆಗೇ ಬಂದರೆ ನಿಮ್ಮ ಹತ್ತಿರ ಇರುವುದು 100ರ ಬ್ಯಾಟರಿ ಅಲ್ಲ, 40ರದ್ದು. ಚಳಿಯಲ್ಲಿ ಈ ಪರೀಕ್ಷೆ ಮಾಡಿದರೆ ಅಂಕಿ ಕಡಿಮೆಯೇ ಬರುತ್ತದೆ. ಬಲ್ಬು ಮುಟ್ಟಲಾಗದಷ್ಟು ಬಿಸಿಯಾಗುತ್ತದೆ, ಬಟ್ಟೆ ಪ್ಲಾಸ್ಟಿಕ್ಕಿನಿಂದ ದೂರ ಇಡಿ.

ಮುಚ್ಚಳ ಬಿಚ್ಚಬಹುದಾದ ಬ್ಯಾಟರಿಯಾದರೆ ಒಳಗಿನ ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇನ್ನೂ ಖಚಿತ. ಫುಲ್ ಚಾರ್ಜಿನಲ್ಲಿ ಎಲ್ಲ ಸೆಲ್‌ಗಳೂ 1.265ರಿಂದ 1.280ರ ಒಳಗೆ ಬರಬೇಕು. ಒಂದೇ ಸೆಲ್ ಉಳಿದವಕ್ಕಿಂತ 0.050ರಷ್ಟು ಕೆಳಗಿದ್ದರೆ ಆ ಸೆಲ್ ಕಥೆ ಮುಗಿದಿದೆ. ನೀರು ಪ್ಲೇಟಿನ ಕೆಳಗಿಳಿದಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ನಲ್ಲಿ ನೀರು ಬೇಡ, ಆಸಿಡ್ಡಂತೂ ಬೇಡವೇ ಬೇಡ.

ಎರಡು ಲೀಷರ್ ಬ್ಯಾಟರಿ ಜೋಡಿಯಾಗಿದ್ದರೆ ಎರಡನ್ನೂ ಬಿಡಿಸಿ, ರಾತ್ರಿ ಬಿಟ್ಟು, ಬೇರೆ ಬೇರೆ ಅಳೆಯಿರಿ. ಜೋಡಿಯಲ್ಲಿದ್ದಾಗ ಕೆಟ್ಟದ್ದು ಒಳ್ಳೆಯದನ್ನು ಎಳೆದು ಇಬ್ಬರನ್ನೂ ಒಂದೇ ಅಂಕಿಗೆ ತಂದಿರುತ್ತದೆ.

ಲಕ್ಷಣ: ಗಂಟೆಗಟ್ಟಲೆ ಓಡಿಸಿದರೂ ಲೀಷರ್ ಬ್ಯಾಟರಿ ತುಂಬುವುದಿಲ್ಲ

ಎಂಜಿನ್ ನಿಲ್ಲಿಸಿ ಎರಡೂ ಬ್ಯಾಟರಿಗಳ ವೋಲ್ಟೇಜ್ ಬರೆದುಕೊಳ್ಳಿ. ಆಮೇಲೆ ಎಂಜಿನ್ ಓಡಿಸಿ ಮತ್ತೆ ನೋಡಿ. ಎರಡೂ 13.8ರಿಂದ 14.4ಕ್ಕೆ ಏರಿದರೆ ಚಾರ್ಜಿಂಗ್ ಸರಿ. ಎಂಜಿನ್ ಬ್ಯಾಟರಿ 14.3 ಏರಿ, ಲೀಷರ್ 12.5ರಲ್ಲೇ ಕೂತಿದ್ದರೆ ಎರಡನ್ನೂ ಜೋಡಿಸುವ ರಿಲೇ, ಅಂದರೆ ಕರೆಂಟಿನಿಂದಲೇ ಆನ್-ಆಫ್ ಆಗುವ ಸ್ವಿಚ್, ಕೆಲಸ ಮಾಡುತ್ತಿಲ್ಲ, ಇಲ್ಲವೇ ದಾರಿಯಲ್ಲಿ ಫ್ಯೂಸ್ ಹೋಗಿದೆ. ಆ ವೈರಿನ ಎರಡು ತುದಿಗೂ ಒಂದೊಂದು ಫ್ಯೂಸ್ ಇರುವುದು ವಾಡಿಕೆ. ಎರಡನೆಯದನ್ನು ಮರೆಯುವವರೇ ಜಾಸ್ತಿ. ಲೀಷರ್ 13.2ಕ್ಕೆ ನಿಂತರೆ ಕರೆಂಟು ಬರುತ್ತಿದೆ, ಆದರೆ ಸಣ್ಣ ವೈರಿನಲ್ಲೋ ಕೆಟ್ಟ ಜಾಯಿಂಟಿನಲ್ಲೋ ಸೋರಿಹೋಗುತ್ತಿದೆ.

ಹೊಸ ಗಾಡಿಗಳಲ್ಲಿ ಇನ್ನೊಂದು ತರಲೆ. ಯೂರೋಪಿನ ಹೊಗೆ ನಿಯಮ ಯೂರೋ 6ರ ಕಾಲದ ಬಹಳಷ್ಟು ಗಾಡಿಗಳಲ್ಲಿ ಸ್ಮಾರ್ಟ್ ಆಲ್ಟರ್ನೇಟರ್ ಇದೆ. ಆಲ್ಟರ್ನೇಟರ್ ಅಂದರೆ ಎಂಜಿನ್ನಿನಿಂದ ತಿರುಗಿ ಕರೆಂಟ್ ಮಾಡುವ ಯಂತ್ರ. ಡೀಸೆಲ್ ಉಳಿಸಲು ಅದು ಎಂಜಿನ್ ಬ್ಯಾಟರಿ ತುಂಬಿತೆಂದ ಕೂಡಲೇ ವೋಲ್ಟೇಜ್ ಇಳಿಸಿಬಿಡುತ್ತದೆ, ಬ್ರೇಕ್ ಹಾಕಿದಾಗ ಏರಿಸುತ್ತದೆ. ಎಂಜಿನ್ನಿಗೆ ಇದರಿಂದ ತೊಂದರೆ ಇಲ್ಲ. ಹಿಂದಿನ ಬ್ಯಾಟರಿ ಮಾತ್ರ ಎಂದೂ ಹೊಟ್ಟೆತುಂಬ ಉಣ್ಣುವುದಿಲ್ಲ. ಇಂಥ ಗಾಡಿಗೆ ಹಳೆ ರಿಲೇ ಸಾಲದು, ಎಂಜಿನ್ ಕಡೆಯಿಂದ ಬರುವ ವೋಲ್ಟೇಜನ್ನು ಲೀಷರ್ ಬ್ಯಾಟರಿಗೆ ಬೇಕಾದಷ್ಟಕ್ಕೆ ಸರಿಮಾಡಿ ಕೊಡುವ ಡಿಸಿ-ಡಿಸಿ ಚಾರ್ಜರ್ ಬೇಕು. ಅದಿಲ್ಲದೆ ಎಷ್ಟು ದುಬಾರಿ ಬ್ಯಾಟರಿ ಹಾಕಿದರೂ ಅಷ್ಟೇ.

ಲಕ್ಷಣ: ಕ್ಯಾಂಪಿನ ಕರೆಂಟ್ ಹಾಕಿದಾಗ ಎಲ್ಲ ಸರಿ, ತೆಗೆದ ಕೂಡಲೇ ಕತ್ತಲೆ

ಕರೆಂಟ್ ಇದ್ದಾಗ ಚಾರ್ಜರೇ ಲೈಟು ಉರಿಸುತ್ತಿರುತ್ತದೆ, ಬ್ಯಾಟರಿ ಹೆಸರಿಗಷ್ಟೇ. ಬ್ಯಾಟರಿ ಗೂಟದಲ್ಲಿ ಮೀಟರ್ ಇಡಿ. 14ರ ಮೇಲೆ ಏರಿ, ಕೆಲವು ಗಂಟೆಯ ಮೇಲೆ 13.5, 13.8ಕ್ಕೆ ಇಳಿದರೆ ಚಾರ್ಜರ್ ಸರಿ, ಬ್ಯಾಟರಿಯನ್ನು ಮೇಲಿನಂತೆ ಪರೀಕ್ಷಿಸಿ. 12.5 ಇದ್ದರೆ ಚಾರ್ಜರ್ ಮತ್ತು ಬ್ಯಾಟರಿ ನಡುವಿನ ಫ್ಯೂಸ್ ನೋಡಿ. ಚಾರ್ಜರಿನ ಡಬ್ಬ ಬಿಚ್ಚಬೇಡಿ. ಅದರೊಳಗೆ ಇರುವುದು ಮೇನ್ಸ್ ಕರೆಂಟ್, ಪ್ರಾಣಕ್ಕೇ ಬರುತ್ತದೆ.

ಕೆಲವು ಹಳೆ ಚಾರ್ಜರುಗಳು 13.8 ಬಿಟ್ಟು ಮೇಲೇರುವುದೇ ಇಲ್ಲ. ಕೆಟ್ಟಿಲ್ಲ, ಇರುವುದೇ ಹಾಗೆ. ಅದರಲ್ಲಿ ಬ್ಯಾಟರಿ ಬಹಳ ನಿಧಾನ ತುಂಬುತ್ತದೆ, ಅರೆಹೊಟ್ಟೆಯಲ್ಲೇ ಓಡಾಡಿ ಪ್ಲೇಟಿನ ಮೇಲೆ ಸಲ್ಫೇಟ್ ಕಟ್ಟಿಕೊಳ್ಳುತ್ತದೆ.

ಲಕ್ಷಣ: ಗಾಡಿ ನಿಲ್ಲಿಸಿಟ್ಟರೆ ಒಂದು ತಿಂಗಳಲ್ಲಿ ಖಾಲಿ

ಆಸಿಡ್ ಬ್ಯಾಟರಿ ತಾನಾಗಿ ಕಳೆದುಕೊಳ್ಳುವುದು ತಿಂಗಳಿಗೆ ಶೇಕಡಾ 3ರಿಂದ 5. ಅದಕ್ಕಿಂತ ಜಾಸ್ತಿ ಹೋದರೆ ಯಾರೋ ಕದ್ದು ಕುಡಿಯುತ್ತಿದ್ದಾರೆ. ಅಲಾರಂ, ಟ್ರ್ಯಾಕರ್, ಗ್ಯಾಸ್ ಡಿಟೆಕ್ಟರ್, ಸ್ಟೀರಿಯೊ, ಮೆಟ್ಟಿಲಿನ ಮೋಟರ್ ಬೋರ್ಡು. 50 ಮಿಲಿಆಂಪ್ ಅಂದರೆ ಏನೂ ಅಲ್ಲ ಅನಿಸುತ್ತದೆ, ಅಲ್ವಾ? ದಿನಕ್ಕೆ 1.2, ತಿಂಗಳಿಗೆ 36 ಆಂಪ್-ಅವರ್ ಆಯಿತು.

ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರನ್ನು ಮೈನಸ್ ವೈರಿಗೆ ಹಾಕಿ, ಎಲ್ಲ ಆಫ್ ಮಾಡಿ, ಕೆಲವು ನಿಮಿಷ ಕಾಯಿರಿ. ನೂರಾರು ಮಿಲಿಆಂಪ್ ಉಳಿದರೆ ಒಂದೊಂದೇ ಫ್ಯೂಸ್ ಎಳೆಯುತ್ತಾ ಬನ್ನಿ. ಯಾವುದು ಎಳೆದಾಗ ಅಂಕಿ ಬೀಳುತ್ತದೋ ಅದೇ ಕಳ್ಳ. ಹತ್ತು ಹದಿನೈದು ಆಂಪ್ ಕಂಡರೆ ಗ್ಯಾಸಿನಲ್ಲೂ ಓಡುವ ಫ್ರಿಜ್ಜು 12 ವೋಲ್ಟಿಗೆ ಅಂಟಿಕೊಂಡಿದೆ. ಅದು ಎಂಜಿನ್ ಓಡುವಾಗ ಮಾತ್ರ 12 ವೋಲ್ಟ್ ತಿನ್ನಬೇಕು, ರಿಲೇ ಕಚ್ಚಿಕೊಂಡರೆ ನಿಂತ ಮೇಲೂ ತಿನ್ನುತ್ತದೆ.

ಖಾಲಿ ಆಸಿಡ್ ಬ್ಯಾಟರಿಯನ್ನು ಕೊರೆವ ಚಳಿಯಲ್ಲಿ ಬಿಟ್ಟರೆ ಒಳಗಿನ ದ್ರವ ಹೆಪ್ಪುಗಟ್ಟಿ ಡಬ್ಬ ಸೀಳಬಹುದು. ಹೆಪ್ಪುಗಟ್ಟಿದ ಬ್ಯಾಟರಿಗೆ ಚಾರ್ಜರ್ ಹಾಕಲೇಬೇಡಿ.

ಲಕ್ಷಣ: ಕೊಳೆತ ಮೊಟ್ಟೆಯ ವಾಸನೆ, ಬಿಸಿ, ಊದಿಕೊಂಡ ಡಬ್ಬ

ಇಲ್ಲಿ ಪರೀಕ್ಷೆ ಏನೂ ಇಲ್ಲ. ಚಾರ್ಜಿಂಗ್ ನಿಲ್ಲಿಸಿ: ಹೊರಗಿನ ಕರೆಂಟನ್ನು ಅದು ಬರುವ ಕ್ಯಾಂಪಿನ ಕಂಬದ ಕಡೆಯಿಂದಲೇ ಆಫ್ ಮಾಡಿ, ಬ್ಯಾಟರಿ ಹತ್ತಿರ ಯಾವ ಸ್ವಿಚ್ಚೂ ಒತ್ತಬೇಡಿ. ಎಲ್ಲರೂ ಹೊರಗೆ ಬನ್ನಿ, ಬಾಗಿಲು ತೆರೆದಿಡಿ. ಆ ವಾಸನೆ ಹೈಡ್ರೋಜನ್ ಸಲ್ಫೈಡ್, ವಿಷದ ಗಾಳಿ. ಸ್ವಲ್ಪ ಹೊತ್ತಿಗೆ ಮೂಗಿಗೆ ಅದು ತಿಳಿಯದಂತಾಗುತ್ತದೆ, ಹಾಗಾಗಿ ವಾಸನೆ ಹೋಯಿತು ಅಂತ ಒಳಗೆ ನುಗ್ಗಬೇಡಿ. ಬ್ಯಾಟರಿ ತಣ್ಣಗಾದ ಮೇಲೆ ತಿಳಿದವರಿಂದಲೇ ತೆಗೆಸಿ. ಚಾರ್ಜರನ್ನೂ ಪರೀಕ್ಷೆ ಮಾಡಿಸಿ. ಸೆಲ್ ಶಾರ್ಟ್ ಆಗಿ ಹೀಗಾಗಬಹುದು, ಚಾರ್ಜರ್ ಮಿತಿ ಮೀರಿ ತುಂಬಿಯೂ ಆಗಬಹುದು. ಊದಿದ ಲಿಥಿಯಂ ಬ್ಯಾಟರಿಯನ್ನು ಚುಚ್ಚುವುದು, ಒತ್ತುವುದು, ಮತ್ತೆ ಚಾರ್ಜ್ ಮಾಡಿ ನೋಡುವುದು ಯಾವುದೂ ಬೇಡ.

ಬ್ಯಾಟರಿಯೇ ಹೋಗಿದೆ ಅಂತ ಖಚಿತವಾಯಿತು. ಈಗ ಯಾವುದು ತರಬೇಕು?

ಮೊದಲು ದಿನದ ಖರ್ಚಿನ ಲೆಕ್ಕ ಹಾಕಿ. ಎಲ್‌ಇಡಿ ಲೈಟುಗಳು ಒಟ್ಟು 1 ಆಂಪ್, 5 ಗಂಟೆ: 5. ಪಂಪು 5 ಆಂಪ್, ಅರ್ಧ ಗಂಟೆ: 2.5. ಹೀಟರ್ ಫ್ಯಾನು ಸರಾಸರಿ 1.5 ಆಂಪ್, 8 ಗಂಟೆ: 12. ಫೋನು, ಲ್ಯಾಪ್‌ಟಾಪಿಗೆ 10. ಸುಮಾರು 30 ಆಂಪ್-ಅವರ್ ಆಯಿತು. ಆಸಿಡ್ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸುವುದು ಒಳ್ಳೆಯದು, ಅಂದರೆ 100ರದ್ದು ಒಂದೂವರೆ ದಿನ ತಡೆಯುತ್ತದೆ. ಇದಕ್ಕೆ ಕಂಪ್ರೆಸರ್ ಫ್ರಿಜ್ಜು ಸೇರಿಸಿ. 4 ಆಂಪ್, ದಿನದಲ್ಲಿ 10 ಗಂಟೆ ಓಡಿದರೆ ಇನ್ನೊಂದು 40. ಅಲ್ಲಿಗೆ ಅದೇ ಬ್ಯಾಟರಿ ಒಂದು ದಿನಕ್ಕೂ ಸಾಲದು. ಎಷ್ಟೋ ಜನರ ಬ್ಯಾಟರಿ ಕೆಟ್ಟಿರುವುದಿಲ್ಲ, ಲೆಕ್ಕ ತಪ್ಪಿರುತ್ತದೆ ಅಷ್ಟೇ.

ಯಾವಾಗಲೂ ಕರೆಂಟ್ ಇರುವ ಕ್ಯಾಂಪುಗಳಲ್ಲೇ ನಿಲ್ಲುವವರಿಗೆ ಸಾದಾ ಲೀಷರ್ ಬ್ಯಾಟರಿ ಸಾಕು. ಅವರಿಗೆ ಲಿಥಿಯಂ ಮಾರುವವರ ಮಾತು ಕೇಳುವ ಅಗತ್ಯ ನನಗಂತೂ ಕಾಣುವುದಿಲ್ಲ. ಬ್ಯಾಟರಿ ಸೀಟಿನ ಕೆಳಗೆ ಇದ್ದು, ನೀರು ನೋಡಿಕೊಳ್ಳುವುದು ಕಷ್ಟವಾದರೆ ಎಜಿಎಂ. ಕರೆಂಟಿಲ್ಲದ ಕಡೆ ದಿನಗಟ್ಟಲೆ ಉಳಿಯುವವರಿಗೆ, ಗಾಡಿಯ ತೂಕದ ಮಿತಿ ಬಿಗಿಯಾಗಿರುವವರಿಗೆ ಲಿಥಿಯಂ ಐರನ್ ಫಾಸ್ಫೇಟ್. 100 ಆಂಪ್-ಅವರ್‌ನ ಆಸಿಡ್ ಬ್ಯಾಟರಿ 20ರಿಂದ 30 ಕಿಲೋ ತೂಗಿದರೆ ಇದು 10ರಿಂದ 13. ಶೇಕಡಾ 80, 90ರಷ್ಟು ಬಳಸಬಹುದು, ಸಾವಿರಾರು ಸಲ ಚಾರ್ಜ್ ಮಾಡಬಹುದು.

ಆದರೆ ಲಿಥಿಯಂ ತಂದು ಹಳೆಯದರ ಜಾಗದಲ್ಲಿ ಕೂರಿಸಿದರೆ ಮುಗಿಯಲಿಲ್ಲ. ಚಾರ್ಜರ್ 14.2ರಿಂದ 14.6ರ ಒಳಗೆ ನಿಲ್ಲಬೇಕು, 15ರ ಮೇಲೆ ಹೋಗುವ ರಿಪೇರಿ ಮೋಡ್ ಇರಕೂಡದು. ಆಲ್ಟರ್ನೇಟರಿನಿಂದ ಅದು ಮಿತಿಯಿಲ್ಲದೆ ಎಳೆದು ಆಲ್ಟರ್ನೇಟರನ್ನೇ ಕಾಯಿಸುತ್ತದೆ, ಹಾಗಾಗಿ ಡಿಸಿ-ಡಿಸಿ ಚಾರ್ಜರ್ ಇರಲಿ. 0 ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಸೆಲ್ ಹಾಳು. ಚಳಿ ಪ್ರದೇಶಕ್ಕೆ ಹೋಗುವವರು ಚಳಿಯಲ್ಲಿ ಚಾರ್ಜ್ ತಡೆಯುವ ಬಿಎಂಎಸ್ ಇದೆಯೇ ಕೇಳಿಯೇ ಕೊಳ್ಳಿ. ಇನ್ವರ್ಟರ್ ಇದ್ದರೆ ಅದರ ಎಳೆತವನ್ನೂ ನೋಡಿ: 1000 ವ್ಯಾಟ್ ಅಂದರೆ 90 ಆಂಪ್ ದಾಟುತ್ತದೆ, ಬಿಎಂಎಸ್ ಅಷ್ಟನ್ನು ಸತತವಾಗಿ ಕೊಡಬೇಕು.

ಕಾರಿನ ಸ್ಟಾರ್ಟರ್ ಬ್ಯಾಟರಿ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ಅದರ ಪ್ಲೇಟು ತೆಳು, ಕ್ಷಣಕಾಲ ಜೋರಾಗಿ ಕೊಡಲು ಮಾಡಿದ್ದು. ರಾತ್ರಿಯಿಡೀ ನಿಧಾನ ಹಿಂಡಿದರೆ ಬೇಗ ಸಾಯುತ್ತದೆ. ಆಂಪ್-ಅವರ್ ಅಂಕಿಯ ಪಕ್ಕ 20 ಗಂಟೆಯ ಲೆಕ್ಕವೋ 100 ಗಂಟೆಯದ್ದೋ ಓದಿ. ಅದೇ ಬ್ಯಾಟರಿಗೆ 100 ಗಂಟೆಯ ಲೆಕ್ಕದಲ್ಲಿ ದೊಡ್ಡ ಅಂಕಿ ಬರುತ್ತದೆ. ಒಂದೇ ಬಗೆಯ, ಒಂದೇ ಅಂಕಿಯ ಎರಡು ಆಸಿಡ್ ಬ್ಯಾಟರಿಗಳಲ್ಲಿ ಒಂದು ತೀರಾ ಹಗುರವಾಗಿದ್ದರೆ ಅದರಲ್ಲಿ ಸೀಸ ಕಡಿಮೆ ಇದೆ. ನಾನಾದರೆ ಭಾರದ್ದನ್ನೇ ಎತ್ತಿಕೊಳ್ಳುತ್ತೇನೆ. ತಯಾರಾದ ತಾರೀಖು ನೋಡಿ. ಅಂಗಡಿಯಲ್ಲೇ ಮೀಟರ್ ಇಟ್ಟು 12.5ಕ್ಕಿಂತ ಕಡಿಮೆ ತೋರಿಸುವ ಆಸಿಡ್ ಬ್ಯಾಟರಿಯನ್ನು ಅಲ್ಲೇ ಬಿಡಿ.

ಮನೆಯಿಂದ ಹೊರಡುವ ಮುಂಚೆ ಹಳೆಯದರ ಉದ್ದ, ಅಗಲ, ಎತ್ತರ ಅಳೆದು, ಮೇಲಿನಿಂದ ಒಂದು ಫೋಟೋ ತೆಗೆದುಕೊಳ್ಳಿ. ಪ್ಲಸ್ ಯಾವ ಬದಿಗಿದೆ ಅನ್ನುವುದು ಮುಖ್ಯ, ಇಲ್ಲದಿದ್ದರೆ ವೈರು ತಲುಪುವುದಿಲ್ಲ. ಸಾದಾ ಆಸಿಡ್ ಬ್ಯಾಟರಿ ನೀವು ಮಲಗುವ ಜಾಗದೊಳಗಿದ್ದರೆ, ಅದರ ಗಾಳಿಯನ್ನು ಹೊರಗೆ ಬಿಡುವ ಸಣ್ಣ ಪೈಪು ಸಿಕ್ಕಿಸಲು ಬ್ಯಾಟರಿಯಲ್ಲಿ ತೂತು ಇರಬೇಕು, ಆ ಪೈಪನ್ನು ಮತ್ತೆ ಜೋಡಿಸಲೇಬೇಕು. ಜೋಡಿ ಬ್ಯಾಟರಿಯಾದರೆ ಎರಡನ್ನೂ ಒಟ್ಟಿಗೆ, ಒಂದೇ ಬಗೆಯದ್ದನ್ನು ಬದಲಿಸಿ. ಲೋಡಿನ ಪ್ಲಸ್ ಒಂದು ಬ್ಯಾಟರಿಯಿಂದ, ಮೈನಸ್ ಇನ್ನೊಂದರಿಂದ ತೆಗೆಯಿರಿ, ಎರಡೂ ಸಮನಾಗಿ ದುಡಿಯುತ್ತವೆ.

ಬಗೆ ಬದಲಾಗಿದ್ದರೆ ಚಾರ್ಜರಿನ ಮೇಲಿರುವ ಪುಟ್ಟ ಸ್ವಿಚ್ಚನ್ನೋ ಸೋಲಾರ್ ಕಂಟ್ರೋಲರಿನ ಸೆಟಿಂಗನ್ನೋ ಅದಕ್ಕೆ ತಕ್ಕಂತೆ ಬದಲಿಸಿ. ಬ್ಯಾಟರಿಯನ್ನು ಪಟ್ಟಿಯಿಂದ ಬಿಗಿದು ಕಟ್ಟಿ. ಪೂರ್ತಿ ಚಾರ್ಜ್ ಮಾಡಿ ಒಂದು ರಾತ್ರಿ ಬಿಟ್ಟು, ಬೆಳಗಿನ ವೋಲ್ಟೇಜನ್ನೂ ನಲ್ಲಿ ತಿರುಗಿಸಿದಾಗಿನ ವೋಲ್ಟೇಜನ್ನೂ ತಾರೀಖಿನ ಜೊತೆ ಮಾರ್ಕರಿನಲ್ಲಿ ಬ್ಯಾಟರಿಯ ಮೇಲೇ ಬರೆದಿಡಿ. ಮುಂದೆ ಅನುಮಾನ ಬಂದಾಗ ಹೋಲಿಸಿ ನೋಡಲು ಆ ಎರಡು ಅಂಕಿ ಬೇಕಾಗುತ್ತವೆ.